ಮಗ್ಗ ಕಟ್ಟಿಸಿದ ಮೇಡಂ

ಸತ್ತವರ ಬಗ್ಗೆ ಬರೆಯುವಾಗ ಒಳ್ಳೆಯ ಮಾತಿನಿಂದ ಆರಂಭಿಸಬೇಕು ಎನ್ನುತ್ತಾರೆ. ನಮ್ಮ ಮೇಡಂ ಬಗ್ಗೆ ಬರೆಯಲು ಕುಳಿತಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಅವರ ಮೇಲಲ್ಲ, ಅವರನ್ನು ಕೀಳಾಗಿ ನಡೆಸಿಕೊಂಡವರ ಮೇಲೆ. ಅವರು ತೀರಿಕೊಂಡು ತಿಂಗಳುಗಳಾದವು. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕಾದೆ. ಇಳಿಯಲಿಲ್ಲ. ಹಾಗಾಗಿ ಅದನ್ನು ಜೊತೆಗಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಕನ್ನಡ, ತೆಲುಗು ಎರಡೂ ಆಡುವ ಕರ್ನೂಲು ಕಡೆಯ ಆದೋನಿಯ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಅವರು ನಮಗೆ ಕಂಪ್ಯೂಟರ್ ಪಾಠ ಹೇಳುತ್ತಿದ್ದರು. ಆ ಕಟ್ಟಡ ಹಿಂದೆ ಹತ್ತಿಯ ಗೋದಾಮಾಗಿತ್ತು. ಪಕ್ಕದಲ್ಲೇ ಜಿನ್ನಿಂಗ್ ಮಿಲ್ಲು. ಹತ್ತಿಯ ಕಾಲದಲ್ಲಿ ನಾರು ಕಿಟಕಿಯಿಂದ ಹಾರಿ ಬಂದು ನಮ್ಮ ತಲೆ, ಪುಸ್ತಕ, ಬುತ್ತಿ ಎಲ್ಲದರ ಮೇಲೂ ಕೂರುತ್ತಿತ್ತು. ನಾನು ಮಂತ್ರಾಲಯದವಳು. ಅಪ್ಪ ಅಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತರು. ದಿನವೂ ರೈಲಿನಲ್ಲಿ ಬಂದು ಹೋಗುತ್ತಿದ್ದೆ. ಮೇಡಂ ಎಮ್ಮಿಗನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ನೇಕಾರರ ಮನೆಯ ಮಗಳು. ಮದುವೆಯಾಗಿರಲಿಲ್ಲ, ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಎತ್ತರದ ಮೈ, ಗಂಜಿ ಹಾಕಿದ ಕಾಟನ್ ಸೀರೆ, ಸಿಟ್ಟು ಬಂದರೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುವ ಅಭ್ಯಾಸ. ಆ ಕನ್ನಡಕ ಯಾವಾಗಲೂ ಫಳಫಳ ಹೊಳೆಯುತ್ತಿತ್ತು ಎಂದರೆ ನಿಮಗೆ ಅರ್ಥವಾಗಬಹುದು.

ಮೊದಲ ತರಗತಿ ನೆನಪಿದೆ. ಆಪರೇಟಿಂಗ್ ಸಿಸ್ಟಮ್ ಎಂದರೇನು ಎಂದು ಕೇಳಿದರು. ನಾನು ಮುಂದಿನ ಬೆಂಚಿನವಳು. ಎದ್ದು ನಿಂತು ಗೈಡಿನಲ್ಲಿದ್ದ ಇಂಗ್ಲಿಷ್ ವ್ಯಾಖ್ಯೆಯನ್ನು ಸ್ತೋತ್ರದ ಹಾಗೆ ಒಂದೇ ಉಸಿರಿಗೆ ಒಪ್ಪಿಸಿದೆ. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಮೇಡಂ ಕನ್ನಡಕ ತೆಗೆದರು.

"ಚೊಲೋ ಹೇಳಿದಿ. ಈಗ ಕನ್ನಡದಾಗ ಹೇಳು."

ಬಾಯಿ ತೆರೆದೆ, ಮತ್ತೆ ಗೈಡಿನ ಇಂಗ್ಲಿಷೇ ಬಂತು.

"ತೆಲುಗಿನಾಗ ಹೇಳು, ಅದೂ ನಡೀತೈತಿ."

ಅದೂ ಬರಲಿಲ್ಲ.

"ಅಂದ್ರ ನೀ ಹೇಳಿದ್ದರಾಗ ನಿನ್ನ ಮಾತು ಒಂದೂ ಇರಲಿಲ್ಲ. ಕೂಡು." ಆಮೇಲೆ ಇಡೀ ಕ್ಲಾಸಿಗೆ ಹೇಳಿದರು: "ಅಂಗಡ್ಯಾಗ ಸೀರಿ ತೋರಿಸಿದ್ರ ಎಲ್ರೂ ಮ್ಯಾಲಿನ ಬಣ್ಣ ನೋಡ್ತಾರ. ನಮ್ಮಪ್ಪ ಹಿಂದ ತಿರುವಿ ನೋಡ್ತಿದ್ದ. ಎಲ್ಲಿ ಎಳಿ ಹರದೈತಿ, ಎಲ್ಲಿ ಗಂಟು ಹಾಕ್ಯಾರ, ಎಲ್ಲಾ ಅಲ್ಲಿ ಕಾಣ್ತೈತಿ. ನಾವು ಈ ವರ್ಷ ತಿರುವಿ ನೋಡಾದು ಕಲಿಯಾಣ."

ತಿರುವಿ ನೋಡಲು ಕಂಪ್ಯೂಟರ್ ಬೇಕಲ್ಲ. ಕಾಲೇಜಿನಲ್ಲಿ ಲ್ಯಾಬ್ ಇತ್ತು, ಅದಕ್ಕೆ ಬೀಗ ಇತ್ತು, ಬೀಗದ ಕೈ ಕರೆಸ್ಪಾಂಡೆಂಟ್ ಸಾಹೇಬರ ಕೋಣೆಯಲ್ಲಿತ್ತು. ಕರೆಸ್ಪಾಂಡೆಂಟ್ ಎಂದರೆ ನಮ್ಮ ಕಡೆ ಕಾಲೇಜಿನ ಮಾಲೀಕ. ಆಯುಧಪೂಜೆಗೆ ಒಮ್ಮೆ ಬೀಗ ತೆಗೆದು ಮಾನಿಟರ್‌ಗಳಿಗೆ ಕುಂಕುಮ ಹಚ್ಚಿ ಮತ್ತೆ ಮುಚ್ಚುತ್ತಿದ್ದರು. ಪ್ರಾಕ್ಟಿಕಲ್ ಪರೀಕ್ಷೆಗೆ ಎಲ್ಲರಿಗೂ ಒಂದೇ ಹಾಗೆ ಅಂಕ. ಯಂತ್ರ ಮುಟ್ಟದೆಯೇ ಹಿಂದಿನ ತಂಡಗಳು ಪಾಸಾಗಿ ಹೋಗಿದ್ದವು. ಯಾರೂ ಇದನ್ನು ಮೋಸ ಎನ್ನುತ್ತಿರಲಿಲ್ಲ. "ಪ್ರೈವೇಟ್ ಕಾಲೇಜು ಅಂದ್ರ ಹಂಗ" ಎನ್ನುತ್ತಿದ್ದರು.

ಮೇಡಂ ಬೀಗದ ಕೈ ಕೇಳಿದರು. ಕೊಡಲಿಲ್ಲ. ಮರುದಿನ ಅವರು ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ಕರೆಸ್ಪಾಂಡೆಂಟರ ಕೋಣೆಯ ಎದುರಿನ ಜಗುಲಿಯಲ್ಲೇ ಪಾಠ ಶುರು ಮಾಡಿದರು. ಅಡ್ಮಿಷನ್‌ಗೆಂದು ಬಂದ ತಂದೆತಾಯಿಗಳು ನಮ್ಮನ್ನು ದಾಟಿಕೊಂಡು ಒಳಗೆ ಹೋಗಬೇಕಾಗಿತ್ತು.

ಕರೆಸ್ಪಾಂಡೆಂಟ್ ಹೊರಗೆ ಬಂದು ತೆಲುಗಿನಲ್ಲಿ ಕೇಳಿದರು, "ಏಂಟಮ್ಮಾ ಇದಿ?" ಇದೇನಮ್ಮಾ ಎಂದು.

"ಲ್ಯಾಬ್ ಸಾರ್," ಎಂದರು ಮೇಡಂ. ಬೋಧನೆ ಮುಂದುವರಿಸಿದರು.

ಸಂಜೆಯೊಳಗೆ ಬೀಗದ ಕೈ ಬಂತು.

ಒಳಗಿನ ಯಂತ್ರಗಳ ಸ್ಥಿತಿ ಹೇಳುವ ಹಾಗಿರಲಿಲ್ಲ. ಫ್ಯಾನುಗಳಲ್ಲಿ ಹತ್ತಿಯ ನಾರು ತುಂಬಿ ದಿಂಬಿನ ಹಾಗಾಗಿತ್ತು. ಬಣ್ಣ ಬಳಿಯುವ ಬ್ರಷ್ಷು ತಂದು ಒಂದೊಂದನ್ನೇ ಬಿಚ್ಚಿ ಸ್ವಚ್ಛ ಮಾಡಿದೆವು. ಚಾಲೂ ಮಾಡಿದರೆ ಪರದೆಯ ಮೂಲೆಯಲ್ಲಿ ಒಂದು ಸಾಲು: ಈ ಆಪರೇಟಿಂಗ್ ಸಿಸ್ಟಮ್‌ನ ಪ್ರತಿ ಅಸಲಿಯಲ್ಲ ಎಂದು. ಮೇಡಂ ಅದನ್ನು ಓದಿ ಕನ್ನಡಕ ತೆಗೆದರು.

"ಕದ್ದ ಮಾಲಿನ ಮ್ಯಾಲೆ ಕುಂತು ನಿಮಗ ಏನಂತ ಪಾಠ ಹೇಳ್ಲಿ? ಇದು ತಗದು ಹಾಕಾಣ. ನಮ್ದು ನಾವ ಕಟ್ಟಿಕೊಳ್ಳಾಣ."

ಹೀಗೆ ನಮ್ಮ ಕೆಲಸ ಆರಂಭವಾಯಿತು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಮೂಲ, ಎಂದರೆ ಸೋರ್ಸ್ ಕೋಡ್, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಕಟ್ಟಬಹುದು. ಸಿದ್ಧವಾದ ಡಿಸ್ಕ್ ತಂದು ಹಾಕಿದರೆ ಅರ್ಧ ದಿನದ ಕೆಲಸ. ಮೇಡಂ ಅದನ್ನು ಒಪ್ಪಲಿಲ್ಲ. ಮನುಷ್ಯರು ಬರೆದ ಸಾಲುಗಳಿಂದಲೇ ಶುರು ಮಾಡಿ, ಒಂದೊಂದು ಭಾಗವನ್ನೂ ನಮ್ಮ ಕೈಯಾರೆ ಯಂತ್ರದ ಭಾಷೆಗೆ ತಂದು, ಜೋಡಿಸಿ, ಕೊನೆಗೆ ಅದು ತನ್ನಷ್ಟಕ್ಕೆ ಎದ್ದು ನಿಲ್ಲಬೇಕು ಎಂದರು.

ನನ್ನ ಜೊತೆ ಈರಮ್ಮ ಎಂಬ ಹುಡುಗಿ ಇದ್ದಳು. ಗೋನೆಗಂಡ್ಲದ ಹತ್ತಿರದ ಹಳ್ಳಿ, ಕೂಲಿನಾಲಿ ಮಾಡುವ ಮನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಕ್ಲಾಸಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಲ್ಯಾಬಿನಲ್ಲಿ ಮಾತ್ರ ಅವಳ ಪ್ರಶ್ನೆ ನಿಲ್ಲುತ್ತಿರಲಿಲ್ಲ. ಮೊದಲ ವಾರವೇ ಒಂದು ತಕರಾರು ತೆಗೆದಳು. ಸೋರ್ಸ್ ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಲು ಕಂಪೈಲರ್ ಎಂಬ ಪ್ರೋಗ್ರಾಂ ಬೇಕು. ಆ ಕಂಪೈಲರನ್ನೂ ನಾವೇ ಕಟ್ಟಬೇಕು.

"ಮೇಡಂ, ಕಂಪೈಲರ್ ಕಟ್ಟಾಕ ಕಂಪೈಲರ್ ಬೇಕಲ್ರಿ. ಅದು ಎಲ್ಲಿಂದ ತರಾದು?"

"ನಿಮ್ಮ ಮನ್ಯಾಗ ಮೊಸರು ಹೆಂಗ ಮಾಡ್ತೀರಿ?"

"ಹೆಪ್ಪು ಹಾಕ್ತೀವ್ರಿ."

"ಮನ್ಯಾಗ ಮೊಸರ ಇಲ್ಲಾಂದ್ರ?"

"ಬಾಜು ಮನಿಯಿಂದ ಚೂರು ತರ್ತೀವಿ."

"ಇದೂ ಹಂಗ. ಈಗಿರೋ ಸಿಸ್ಟಮ್‌ನಿಂದ ಹೆಪ್ಪು ತರಾದು. ಅದರಿಂದ ನಮ್ಮ ಮೊದಲನೇ ಕಂಪೈಲರ್. ಅದರಾಗ ಬಾಜು ಮನಿ ರುಚಿ ಇರ್ತೈತಿ. ಅದ್ರಿಂದ ಮತ್ತೊಮ್ಮಿ ನಮ್ಮ ಹಾಲಿಗೆ ಹೆಪ್ಪು ಹಾಕಾದು. ಆವಾಗ ನಮ್ದು ನಮ್ಮದಾಗ್ತೈತಿ."

ಈರಮ್ಮ ತಲೆಯಾಡಿಸಿದಳು. ನಾನು ಈಗ ನನ್ನ ವಿದ್ಯಾರ್ಥಿಗಳಿಗೆ ಇದನ್ನೇ ಹೇಳುತ್ತೇನೆ. ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಎಲ್ಲೂ ಓದಿಲ್ಲ.

ಆ ಹಳೆಯ ಯಂತ್ರಗಳಲ್ಲಿ ಕಂಪೈಲರ್ ಒಂದನ್ನು ಕಟ್ಟಲು ಇಡೀ ಹಗಲು ಬೇಕಾಗುತ್ತಿತ್ತು. ಪರದೆಯ ಮೇಲೆ ಸಾಲುಗಳು ಓಡುತ್ತಲೇ ಇರುತ್ತಿದ್ದವು. ಮಧ್ಯೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಬೇಸಿಗೆಯಲ್ಲಿ ದಿನಕ್ಕೊಮ್ಮೆಯಾದರೂ ಹೋಗುತ್ತಿತ್ತು. ನಾವು ಗೊಣಗುತ್ತಿದ್ದೆವು. ಆಶ್ಚರ್ಯವೆಂದರೆ ಇಂಥದ್ದಕ್ಕೆ ಮೇಡಂಗೆ ಸಿಟ್ಟು ಬರುತ್ತಿರಲಿಲ್ಲ. ಎರರ್ ಬಂದರೂ ಬರುತ್ತಿರಲಿಲ್ಲ. "ಎರರ್ ಸುಳ್ಳು ಹೇಳಂಗಿಲ್ಲ. ಓದ್ರಿ" ಎನ್ನುತ್ತಿದ್ದರು. ನಾವು ಎರರ್ ಓದದೆ ಸುಮ್ಮನೆ ಮತ್ತೊಮ್ಮೆ ಬಟನ್ ಒತ್ತಿದರೆ ಮಾತ್ರ ಕನ್ನಡಕ ಕೆಳಗೆ ಇಳಿಯುತ್ತಿತ್ತು.

ಕೊನೆಗೆ ಎಲ್ಲ ಜೋಡಿಸಿ ಮೊದಲ ಸಲ ಚಾಲೂ ಮಾಡಿದ ದಿನ, ಒಂದಿಷ್ಟು ಸಾಲು ಬಂದು ಪರದೆ ಸ್ತಬ್ಧವಾಯಿತು. ಸಿಸ್ಟಮ್ಮಿನ ತಿರುಳಾದ ಕರ್ನಲ್ ಗಾಬರಿಯಾಗಿದೆ ಎಂಬರ್ಥದ ಸಂದೇಶ. ನನಗೆ ಅಳು ಬಂತು. ಮೇಡಂ ಒಂದು ಕುರ್ಚಿ ಎಳೆದುಕೊಂಡು ಗೋಡೆಗೆ ಒರಗಿ ಕೂತರು. ಅವರಿಗೆ ತಪ್ಪು ಎಲ್ಲಿದೆ ಎಂದು ಗೊತ್ತಾಗಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಹೇಳಲಿಲ್ಲ. ಮಧ್ಯಾಹ್ನವೆಲ್ಲ ಹಾಗೇ ಕೂತರು. ಈರಮ್ಮ ಸಾಲುಗಳನ್ನು ಬೆರಳಿಟ್ಟು ಓದುತ್ತಾ ಓದುತ್ತಾ ಒಂದು ಸಾಲಿನಲ್ಲಿ ನಿಂತಳು.

"ಮೇಡಂ, ಇದಕ್ಕ ಡಿಸ್ಕ್ ಕಾಣವಲ್ದು. ಡಿಸ್ಕ್ ನೋಡೋ ಡ್ರೈವರ್ ಹಾಕಿಲ್ಲ ನಾವು. ಕಣ್ಣು ಕೊಟ್ಟಿಲ್ಲ ಇದಕ್ಕ."

"ಮತ್ತ ಕೊಡ್ರಿ," ಎಂದರು ಮೇಡಂ. ಅಷ್ಟೇ. ಆದರೆ ಎದ್ದು ಹೋಗಿ ಎಲ್ಲರಿಗೂ ಮಂಡಕ್ಕಿ, ಮಿರ್ಚಿ ತರಿಸಿದರು.

ಮಾರನೆಯ ದಿನ ಕಪ್ಪು ಪರದೆಯ ಮೇಲೆ ಲಾಗಿನ್ ಎಂಬ ಒಂದು ಪದ, ಅದರ ಪಕ್ಕ ಮಿಟುಕುವ ಗೆರೆ ಬಂತು. ಬೇರೆ ಏನೂ ಇಲ್ಲ. ಬಣ್ಣವಿಲ್ಲ, ಚಿತ್ರವಿಲ್ಲ. ನೋಡಿದವರು ನಗಬಹುದು. ಆ ಪರದೆಯ ಹಿಂದಿನ ಒಂದೊಂದು ಭಾಗವೂ ನಮ್ಮ ಕೈ ದಾಟಿ ಬಂದದ್ದು ಎಂಬುದು ನಮಗೆ ಗೊತ್ತಿತ್ತು. ಅದಕ್ಕೆ 'ಮಗ್ಗ' ಎಂದು ಹೆಸರಿಟ್ಟೆವು. ಮೇಡಂ ಬೇಡವೆಂದರು. ನಾವು ಕೇಳಲಿಲ್ಲ. ವರ್ಷ ಮುಗಿಯುವಷ್ಟರಲ್ಲಿ ಲ್ಯಾಬಿನ ಎಲ್ಲ ಯಂತ್ರಗಳಲ್ಲೂ ಮಗ್ಗವೇ ಓಡುತ್ತಿತ್ತು. ಕೆಳಗಿನ ತರಗತಿಯವರು ಅದರ ಮೇಲೆಯೇ ಪ್ರೋಗ್ರಾಂ ಬರೆಯುತ್ತಿದ್ದರು.

ನಾವು ಕೊನೆಯ ವರ್ಷದಲ್ಲಿದ್ದಾಗ ಕಾಲೇಜಿನ ಮಾನ್ಯತೆ ನೋಡಲು ತನಿಖಾ ಸಮಿತಿ ಬರುವುದಿತ್ತು. ಅದರ ಹಿಂದಿನ ದಿನ ಒಂದು ವ್ಯಾನು ಬಂತು. ಅದರಿಂದ ಫಳಫಳ ಹೊಳೆಯುವ ಹೊಸ ಕಂಪ್ಯೂಟರ್‌ಗಳು ಇಳಿದವು. ಬಾಡಿಗೆಯವು. ನಮ್ಮ ಯಂತ್ರಗಳನ್ನು ಆಳುಗಳು ಎತ್ತಿ ಬಚ್ಚಲಿನ ಪಕ್ಕದ ಉಗ್ರಾಣಕ್ಕೆ ಹಾಕಿದರು, ಪೊರಕೆ, ಬಕೆಟ್ಟುಗಳ ಜೊತೆ. ಮೇಡಂ ಬಾಗಿಲಲ್ಲಿ ನಿಂತು ನೋಡಿದರು. ಕರೆಸ್ಪಾಂಡೆಂಟರ ಹತ್ತಿರ ಹೋಗಿ ತೆಲುಗಿನಲ್ಲಿ ಮಾತಾಡಿದರು. ಸಿಟ್ಟು ಬಂದಾಗ ಮ್ಯಾನೇಜ್‌ಮೆಂಟಿನವರ ಹತ್ತಿರ ಅವರು ತೆಲುಗನ್ನೇ ಆಡುತ್ತಿದ್ದುದು, ಧ್ವನಿ ಏರುತ್ತಿರಲಿಲ್ಲ. ಏನು ಹೇಳಿದರೋ ಕೇಳಿಸಲಿಲ್ಲ. ಸಾಹೇಬರು ನಕ್ಕು, "ಅವನ್ನೀ ಚೂಪಿಸ್ತೇ ಪರುವು ಪೋತುಂದಮ್ಮಾ" ಎಂದದ್ದು ಮಾತ್ರ ಕೇಳಿಸಿತು. ಅವುಗಳನ್ನು ತೋರಿಸಿದರೆ ಮರ್ಯಾದೆ ಹೋಗುತ್ತದಂತೆ.

ಸಮಿತಿಯಲ್ಲಿ ಒಬ್ಬರು ಹಿರಿಯ ಪ್ರೊಫೆಸರ್ ಇದ್ದರು. ಹೊಸ ಯಂತ್ರಗಳ ಮುಂದೆ ನಮ್ಮನ್ನು ಬೊಂಬೆಗಳ ಹಾಗೆ ಕೂರಿಸಿದ್ದರು. ಪ್ರೊಫೆಸರ್ ಬಂದು ನೇರವಾಗಿ ಈರಮ್ಮನ ಪಕ್ಕ ನಿಂತು ಇಂಗ್ಲಿಷಿನಲ್ಲಿ ಕೇಳಿದರು, ಈ ಯಂತ್ರದ ಮೇಲೆ ಏನು ಕೆಲಸ ಮಾಡಿದ್ದೀಯ ಎಂದು. ಅವಳು ತೆಲುಗಿನಲ್ಲಿ ಹೇಳಿದಳು: ಇದು ನಿನ್ನೆ ಬಂದದ್ದು ಸಾರ್, ನಮ್ಮವು ಉಗ್ರಾಣದಲ್ಲಿವೆ, ಅದರಲ್ಲಿ ನಾವು ಕಟ್ಟಿದ ಸಿಸ್ಟಮ್ ಇದೆ, ಬಂದರೆ ತೋರಿಸುತ್ತೇನೆ.

ಯಾರೂ ಅವಳಿಗೆ ಹೀಗೆ ಹೇಳು ಎಂದು ಹೇಳಿಕೊಟ್ಟಿರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಳು, ಅಷ್ಟೇ.

ಪ್ರೊಫೆಸರರ ಮುಖದಲ್ಲಿ ಒಂದು ಕ್ಷಣ ಕುತೂಹಲ ಕಂಡಿತು. ಪಕ್ಕದಲ್ಲಿದ್ದ ಕರೆಸ್ಪಾಂಡೆಂಟ್ ನಗುತ್ತಾ, ಹಳ್ಳಿಯ ಹುಡುಗಿ ಸಾರ್, ಹೆದರಿಬಿಟ್ಟಿದ್ದಾಳೆ, ಊಟ ಆರುತ್ತಿದೆ ಎಂದರು. ಪ್ರೊಫೆಸರ್ ಊಟಕ್ಕೆ ಹೋದರು. ಆ ಮನುಷ್ಯನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಉಗ್ರಾಣ ಹತ್ತು ಹೆಜ್ಜೆಯೂ ಇರಲಿಲ್ಲ. ಕಾಲೇಜಿಗೆ ಮಾನ್ಯತೆ ಸಿಕ್ಕಿತು.

ಪರೀಕ್ಷೆ ಹತ್ತಿರ ಬಂದಾಗ ಎಲ್ಲರಿಗೂ ಹಾಲ್ ಟಿಕೆಟ್ ಬಂತು, ಈರಮ್ಮನಿಗೆ ಬರಲಿಲ್ಲ. ಹಾಜರಿ ಸಾಲದು ಎಂದರು. ಅವಳಷ್ಟು ತಪ್ಪದೆ ಬರುತ್ತಿದ್ದವರು ಕಾಲೇಜಿನಲ್ಲೇ ಇರಲಿಲ್ಲ. ಅವಳ ಅಪ್ಪ ಬಂದ. ಟವೆಲ್ಲು ಕೈಯಲ್ಲಿ ಹಿಡಿದು ಬಿಸಿಲಲ್ಲಿ ನಿಂತ. ಒಳಗೆ ಕರೆಯಲಿಲ್ಲ. ಮಧ್ಯಾಹ್ನದವರೆಗೆ ನಿಂತು ಮಗಳಿಗೆ ಹೇಳಿದ:

"ಪರೀಕ್ಷಿ ಇಲ್ಲಾಂದ್ರ ಇಲ್ಲ ಬಿಡವ್ವ. ಮನಿಗೆ ನಡಿ. ನಿಮ್ಮ ಮಾವ ಕೇಳಾಕತ್ತಾನ, ಲಗ್ನ ಮಾಡಿ ಕೊಡ್ತೀನಿ."

ಈರಮ್ಮ ಅಳಲಿಲ್ಲ. ಅವಳ ಮುಖ ಒಣಗಿದ ಮಣ್ಣಿನ ಹಾಗಾಯಿತು. ಮೇಡಂ ಜಗುಲಿಯ ಕಂಬ ಹಿಡಿದು ಇದನ್ನೆಲ್ಲ ಕೇಳುತ್ತಾ ನಿಂತಿದ್ದರು. ಆಮೇಲೆ ಒಳಗೆ ಹೋದರು. ಹೊರಗೆ ಬರುವಾಗ ಬಹಳ ಹೊತ್ತಾಗಿತ್ತು. ಈರಮ್ಮನ ಅಪ್ಪನಿಗೆ, "ನಾಳೆ ಟಿಕೇಟ್ ಕೊಡ್ತಾರ. ಈ ಹುಡುಗಿ ಪರೀಕ್ಷಿ ಬರೀತಾಳ. ಲಗ್ನದ ಮಾತು ಬ್ಯಾಡ" ಎಂದಷ್ಟೇ ಹೇಳಿ ಬಸ್ಸಿಗೆ ಹೋದರು.

ಒಳಗೆ ಏನು ಒಪ್ಪಂದವಾಗಿತ್ತೆಂದು ಮರುದಿನ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ತಿಳಿಯಿತು. ಇಡೀ ಕಾಲೇಜು ಬಯಲಲ್ಲಿ ಸಾಲು ನಿಂತಿತ್ತು. ಪ್ರಿನ್ಸಿಪಾಲರು ಮೈಕನ್ನು ಮೇಡಂ ಕೈಗೆ ಕೊಟ್ಟರು. ಮೇಡಂ ಕನ್ನಡಕ ತೆಗೆಯಲಿಲ್ಲ. ತೆಲುಗಿನಲ್ಲಿ, ಒಂದೇ ಸಮನಾದ ಧ್ವನಿಯಲ್ಲಿ ಹೇಳಿದರು: ತನಿಖೆಯ ದಿನ ಈರಮ್ಮ ಹೇಳಿದ್ದು ಸುಳ್ಳು. ಹಾಗೆ ಹೇಳಲು ಅವಳಿಗೆ ಕಲಿಸಿದ್ದು ನಾನು. ಮ್ಯಾನೇಜ್‌ಮೆಂಟಿನ ಕ್ಷಮೆ ಕೇಳುತ್ತೇನೆ.

ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ಕರೆಸ್ಪಾಂಡೆಂಟ್ ಮುಂದೆ ಬಂದು ದೊಡ್ಡ ಮನಸ್ಸಿನವರ ಹಾಗೆ, "ಸರೇಲೇಮ್ಮಾ", ಹೋಗಲಿ ಬಿಡಮ್ಮ ಎಂದು ಕೈಯಾಡಿಸಿದರು. ಈರಮ್ಮ ನನ್ನ ಪಕ್ಕ ನಿಂತಿದ್ದಳು. ಅವಳ ಉಗುರು ನನ್ನ ಅಂಗೈಗೆ ಇಳಿದಿತ್ತು.

ಈ ಹೆಂಗಸು ಒಂದು ಎರರನ್ನು ಮುಚ್ಚಿಡಲು ನಮ್ಮನ್ನು ಎಂದೂ ಬಿಟ್ಟವರಲ್ಲ. ಅಂಥವರ ಬಾಯಿಂದ ಸುಳ್ಳು ಹೇಳಿಸಿದರು. ಅವರನ್ನು ಕೆಲಸದಿಂದ ತೆಗೆದುಹಾಕಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮೈಕ್ ವಾಪಸು ಕೊಟ್ಟು ಮೇಡಂ ಗೇಟಿನ ಕಡೆ ನಡೆದರು. ಮತ್ತೆ ಬರಲಿಲ್ಲ. ಆ ದಿನವೇ ಊಟದ ಬಿಡುವಿನಲ್ಲಿ ಯಾವನೋ ಟೆಕ್ನಿಷಿಯನ್ ಬಂದು ಎಲ್ಲ ಯಂತ್ರಗಳಿಂದ ಮಗ್ಗವನ್ನು ಅಳಿಸಿ ಹಳೆಯ ಕಳ್ಳ ಪ್ರತಿಯನ್ನೇ ಹಾಕಿದ. ಪರದೆಯ ಮೂಲೆಯಲ್ಲಿ ಮತ್ತೆ ಅಸಲಿಯಲ್ಲ ಎಂಬ ಆ ಸಾಲು ಬಂತು. ಲ್ಯಾಬಿಗೆ ಮತ್ತೆ ಬೀಗ ಬಿತ್ತು. ನಾನು ಫೋನ್ ಮಾಡಿ ಹೇಳಿದೆ.

"ಅಳಿಸಿದ್ರೇನು?" ಎಂದರು. "ಹೆಂಗ ಕಟ್ಟಾದಂತ ನಿಮ್ಮ ತಲ್ಯಾಗ ಐತಲ್ಲ. ಅದನ್ನ ಅಳಸಾಕ ಅವರಿಗೆ ಬರಂಗಿಲ್ಲ. ಈರಮ್ಮ ಓದಾಕತ್ಯಾಳೇನು?"

ಈರಮ್ಮ ಪರೀಕ್ಷೆ ಬರೆದಳು. ಒಳ್ಳೆಯ ಅಂಕಗಳೇ ಬಂದವು.

ಮೇಡಂಗೆ ಬೇರೆ ಕಾಲೇಜಿನಲ್ಲಿ ಕೆಲಸ ಸಿಗಲಿಲ್ಲ. ನಮ್ಮ ಕಡೆಯ ಕರೆಸ್ಪಾಂಡೆಂಟುಗಳೆಲ್ಲ ಒಬ್ಬರಿಗೊಬ್ಬರು ಬೇಕಾದವರು. 'ಜಗಳಗಂಟಿ' ಎಂಬ ಮಾತು ಆದೋನಿಯಿಂದ ಕರ್ನೂಲಿನವರೆಗೆ ಅವರಿಗಿಂತ ಮುಂಚೆಯೇ ಹೋಗಿ ಕೂತಿರುತ್ತಿತ್ತು. ಕೊನೆಗೆ ಅವರಿಗೆ ಸಿಕ್ಕಿದ್ದು ಮಂತ್ರಾಲಯದ ಒಂದು ಲಾಡ್ಜಿನ ಕೌಂಟರ್. ಯಾತ್ರಿಕರ ಹೆಸರು, ಊರು, ಗುರುತಿನ ಚೀಟಿಯ ನಂಬರು ಟೈಪ್ ಮಾಡಿ ಕೋಣೆಯ ಕೀಲಿ ಕೊಡುವುದು. ನಾನು ಒಮ್ಮೆ ಅತ್ತೆಯವರ ಕಡೆಯ ನೆಂಟರಿಗೆ ಕೋಣೆ ಮಾಡಿಸಲು ಹೋದಾಗ ಅವರನ್ನು ಅಲ್ಲಿ ನೋಡಿದೆ. ಮುಂದೆ ನಿಂತಿದ್ದ ಒಬ್ಬ ಯಾತ್ರಿಕ, ಬಿಸಿನೀರು ಬರಲಿಲ್ಲವೆಂದು ಅವರನ್ನು ಏಕವಚನದಲ್ಲಿ ಬೈಯುತ್ತಿದ್ದ. ಮೇಡಂ ಕನ್ನಡಕ ಒರೆಸುತ್ತಿದ್ದರು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಒಳ್ಳೆಯವರು. ನಿಟ್ಟುಸಿರು ಬಿಟ್ಟು, "ಪಾಪ, ವಿದ್ಯಾ ಇತ್ತು. ಸಿಟ್ಟೊಂದು ಕಡಿಮಿ ಇದ್ದಿದ್ರ ಎಲ್ಲೋ ಇರ್ತಿದ್ರು" ಎಂದರು.

ಈ ಮಾತನ್ನು ಆಮೇಲೆ ನಾನು ಎಷ್ಟೋ ಜನರ ಬಾಯಿಂದ ಕೇಳಿದೆ. ಸಿಟ್ಟು ಕಡಿಮೆ ಇದ್ದಿದ್ದರೆ. ಬೀಗ ಹಾಕಿದವರಿಗೆ ಯಾರೂ ಏನೂ ಅನ್ನುವುದಿಲ್ಲ. ಬಾಡಿಗೆ ಯಂತ್ರ ತಂದವರಿಗೆ, ಒಬ್ಬ ಅಪ್ಪನನ್ನು ಬಿಸಿಲಲ್ಲಿ ನಿಲ್ಲಿಸಿದವರಿಗೆ ಯಾರೂ ಏನೂ ಅನ್ನುವುದಿಲ್ಲ. ಅವರದು ವ್ಯವಹಾರ. ಮೇಡಂ ಅವರದು ಸಿಟ್ಟು. ಆ ದಿನ ಅಪ್ಪನ ಜೊತೆ ನಾನು ಊಟಕ್ಕೆ ಕೂರಲಿಲ್ಲ.

ಲಾಡ್ಜಿನ ಕೆಲಸ ಮುಗಿಸಿ ಮೇಡಂ ಮನೆಯಲ್ಲಿ ಒಂದು ಹಳೆಯ ಯಂತ್ರ ಇಟ್ಟುಕೊಂಡು ಕಟ್ಟುತ್ತಲೇ ಇದ್ದರು. ಕರ್ನಲ್‌ನ ಹೊಸ ಆವೃತ್ತಿ ಬಂದರೆ ನನಗೂ ಈರಮ್ಮನಿಗೂ ಸಂದೇಶ ಬರುತ್ತಿತ್ತು: ಕಟ್ಟಿದಿರಾ? ನಾನು ಆ ಹೊತ್ತಿಗೆ ಸರ್ಕಾರಿ ಕಾಲೇಜಿನಲ್ಲಿ ಕಂಪ್ಯೂಟರ್ ಹೇಳಲು ಸೇರಿದ್ದೆ. ಈರಮ್ಮ ಕರೆಂಟಿನ ಸಬ್‌ಸ್ಟೇಷನ್ ಒಂದರಲ್ಲಿ ಆಪರೇಟರ್ ಆಗಿದ್ದಳು. ಇಲ್ಲ ಎಂದು ಉತ್ತರಿಸಿದರೆ ಮೇಡಂ ಬೈಯುತ್ತಿರಲಿಲ್ಲ. ಮರುದಿನ ಅದೇ ಸಂದೇಶವನ್ನು ಮತ್ತೆ ಕಳಿಸುತ್ತಿದ್ದರು.

ಆಮೇಲೆ ಅವರ ಮೂತ್ರಪಿಂಡಗಳು ಕೆಟ್ಟವು. ಎಮ್ಮಿಗನೂರಿನಿಂದ ಕರ್ನೂಲಿಗೆ ಬಸ್ಸಿನಲ್ಲಿ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುವುದು ಶುರುವಾಯಿತು. ಒಮ್ಮೆ ನಾನು ಜೊತೆಗೆ ಹೋದೆ. ಅವರ ತೋಳಿನಿಂದ ಕೆಂಪು ನಳಿಕೆ ಹೊರಟು ಯಂತ್ರದೊಳಗೆ ಹೋಗಿ ವಾಪಸು ಬರುತ್ತಿತ್ತು. ಯಂತ್ರದ ಪರದೆಯ ಮೇಲೆ ಅಂಕಿಗಳು ಬದಲಾಗುತ್ತಿದ್ದವು. ಮೇಡಂ ಮಲಗಿದ್ದಲ್ಲಿಂದಲೇ ಕತ್ತು ಓರೆ ಮಾಡಿ ಅದನ್ನೇ ನೋಡುತ್ತಿದ್ದರು. ನರ್ಸನ್ನು ಕರೆದರು.

"ಸಿಸ್ಟರ್, ಇದರಾಗ ಯಾವ ಸಿಸ್ಟಮ್ ಓಡ್ತೈತಿ?"

ನರ್ಸಿಗೆ ಪ್ರಶ್ನೆ ತಿಳಿಯಲಿಲ್ಲ. "ಅದೆಲ್ಲ ಕಂಪನಿಯೋರಿಗೆ ಗೊತ್ತಮ್ಮ."

"ಕಂಪನಿಯೋರು ತೋರಿಸ್ತಾರೇನು?"

"ಅದು ಹೆಂಗ ತೋರಿಸ್ತಾರಮ್ಮ, ಸೀಲ್ ಐತಲ್ಲ."

ನರ್ಸ್ ಹೋದ ಮೇಲೆ ಮೇಡಂ ನನ್ನ ಕಡೆ ತಿರುಗಿದರು. ಒಂದು ಕೈಯನ್ನು ನಳಿಕೆ ಕಟ್ಟಿಹಾಕಿತ್ತು. ಇನ್ನೊಂದರಿಂದ ಕನ್ನಡಕ ತೆಗೆದರು, ನನ್ನ ಕೈಗೆ ಕೊಟ್ಟರು. ನಾನು ನನ್ನ ದುಪಟ್ಟಾದಿಂದ ಒರೆಸಿದೆ.

"ಹರಿಯಾದು ನನ್ನ ರಕ್ತ," ಎಂದರು. "ಒಳಗ ಏನ್ ಬರದಾರಂತ ನಾ ನೋಡಂಗಿಲ್ಲಂತ. ನನಗ ಇಷ್ಟು ಸಿಟ್ಟು ಯಾವತ್ತೂ ಬಂದಿದ್ದಿಲ್ಲ."

ಅವರ ರಕ್ತದೊತ್ತಡ ಏರಿತೆಂದು ಯಂತ್ರ ಕೂಗಿಕೊಂಡಿತು. ನರ್ಸ್ ಓಡಿ ಬಂದು ನನ್ನನ್ನೇ ಗದರಿದಳು. ಮೇಡಂ ನಗುತ್ತಿದ್ದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಕಡಿಮೆ.

ವಾಪಸು ಬರುವಾಗ ಬಸ್ಸಿನಲ್ಲಿ, ಬಹಳ ವರ್ಷ ಕೇಳಬೇಕೆಂದುಕೊಂಡದ್ದನ್ನು ಕೇಳಿದೆ. "ಮೇಡಂ, ಅವತ್ತು ಮೈಕಿನ್ಯಾಗ ಯಾಕ ಹೇಳಿದ್ರಿ? ಬೇರೆ ಏನರ ಮಾಡಬಹುದಿತ್ತಲ್ಲ."

"ಏನು? ಕೋರ್ಟಿಗೆ ಹೋಗಿದ್ರ ಗೆಲ್ತಿದ್ದೆ. ಅಷ್ಟೊತ್ತಿಗೆ ಆಕಿಗೆ ಎರಡು ಮಕ್ಕಳಾಗಿರ್ತಿದ್ವು." ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದರು. "ಹೇಳಿದ್ದಕ್ಕ ನನಗ ದುಃಖ ಇಲ್ಲ. ಆದ್ರ ಆ ಮಾತು ಇನ್ನಾ ಹಂಗ ಐತಿ ನೋಡು. ಈರಮ್ಮ ಸುಳ್ಳಿ ಅಂತ ನಾ ಹೇಳೀನಿ, ಅಷ್ಟು ಮಂದಿ ಕೇಳ್ಯಾರ. ಯಾರೂ ತಿದ್ದಿಲ್ಲ."

ಬಸ್ಸು ಕೋಡುಮೂರು ದಾಟುವಷ್ಟರಲ್ಲಿ ಅವರು ನಿದ್ದೆ ಹೋಗಿದ್ದರು.

ಅವರು ತೀರಿಕೊಂಡ ಮೇಲೆ ನನಗೆ ಆ ಹಳೆಯ ಕಾಲೇಜಿನಿಂದ ಫೋನ್ ಬಂತು. ಸಂತಾಪಸಭೆ ಇದೆ, ಮೇಡಂ ಹೆಸರನ್ನು ಲ್ಯಾಬಿಗೆ ಇಡುತ್ತಿದ್ದೇವೆ, ನೀವು ಹಳೆಯ ವಿದ್ಯಾರ್ಥಿನಿ, ನಾಲ್ಕು ಮಾತು ಹೇಳಬೇಕು ಎಂದರು. ಕಾಲೇಜು ಈಗ ದೊಡ್ಡದಾಗಿದೆ. ತಾವೇ ಆಪರೇಟಿಂಗ್ ಸಿಸ್ಟಮ್ ಕಟ್ಟಿದ ವಿದ್ಯಾರ್ಥಿಗಳ ಕಾಲೇಜು ಎಂದು ಅಡ್ಮಿಷನ್ನಿನ ಜಾಹೀರಾತಿನಲ್ಲಿ ಅಚ್ಚು ಹಾಕಿಸುತ್ತಾರೆ ಎಂದು ಆಗ ಗೊತ್ತಾಯಿತು. ಈರಮ್ಮನಿಗೆ ಹೇಳಿದೆ. ಅವಳು, "ನಾನೂ ಬರ್ತೀನಕ್ಕ" ಎಂದಳು.

ವೇದಿಕೆಯ ಮೇಲೆ ಹೂವಿನ ಹಾರದೊಳಗೆ ಮೇಡಂ ಫೋಟೋ ಇತ್ತು. ಕರೆಸ್ಪಾಂಡೆಂಟ್ ಮುದುಕರಾಗಿದ್ದಾರೆ. ಮೇಡಂ ಶಾಂತಮೂರ್ತಿ ಎಂದರು, ಸಂಸ್ಥೆಯನ್ನು ತಾಯಿಯ ಹಾಗೆ ಕಂಡವರು ಎಂದರು, ಆರೋಗ್ಯದ ಕಾರಣಕ್ಕೆ ಬಿಟ್ಟು ಹೋದರು ಎಂದರು. ಕರ್ಚೀಫಿನಿಂದ ಕಣ್ಣನ್ನೂ ಒರೆಸಿಕೊಂಡರು. ಆ ಕಣ್ಣೀರು ನಿಜವೇ ಇರಬಹುದು. ನನಗೆ ಸಿಟ್ಟು ತಡೆಯಲಾಗದ್ದು ಅದಕ್ಕೇ.

ನನ್ನ ಹೆಸರು ಕರೆದರು. ನಾನು ಮೈಕಿನ ಹತ್ತಿರ ಹೋಗಿ, "ನನಗಿಂತ ಮೊದಲು ಮಾತಾಡಬೇಕಾದವರು ಒಬ್ಬರಿದ್ದಾರೆ" ಎಂದು ಈರಮ್ಮನನ್ನು ಕರೆದೆ. ಅವಳು ಸಬ್‌ಸ್ಟೇಷನ್ನಿನ ಡ್ಯೂಟಿಯಿಂದ ನೇರವಾಗಿ ಬಂದಿದ್ದಳು. ಹತ್ತಿ ಬಂದು ಫೋಟೋಗೆ ನಮಸ್ಕಾರ ಮಾಡಿದಳು. ಆಮೇಲೆ ಎಲ್ಲರಿಗೂ ತಿಳಿಯಲೆಂದು ತೆಲುಗಿನಲ್ಲಿ, ನಡುನಡುವೆ ಕನ್ನಡದಲ್ಲಿ ಹೇಳಿದಳು.

"ನಾನು ಈರಮ್ಮ. ಇದೇ ಬಯಲಿನ್ಯಾಗ, ಇಂಥಾದ್ದೇ ಮೈಕಿನ್ಯಾಗ ಮೇಡಂ ಒಂದು ಸುಳ್ಳು ಹೇಳ್ಯಾರ. ನಾ ಸುಳ್ಳು ಹೇಳಿದ್ನಿ ಅಂತ. ಅವರ ಜೀವನದಾಗ ಅದೊಂದೇ ಸುಳ್ಳು. ಹೇಳಿಸಿದವರು ಇಲ್ಲೇ ಕುಂತಾರ. ಅವತ್ತು ಬಂದಿದ್ದು ಬಾಡಿಗಿ ಕಂಪ್ಯೂಟರ್. ನಮ್ಮವು ಬಚ್ಚಲ ಬಾಜು ಇದ್ವು. ನಾ ಖರೇ ಹೇಳಿದ್ದೆ. ನನ್ನ ಹಾಲ್ ಟಿಕೇಟ್ ಹಿಡದು ಅವರಿಂದ..."

ಮೈಕ್ ಸದ್ದಿಲ್ಲದಾಯಿತು. ಯಾರೋ ಸ್ವಿಚ್ ತೆಗೆದಿದ್ದರು. ಕರೆಸ್ಪಾಂಡೆಂಟ್ ಎದ್ದು ಮೆಲ್ಲಗೆ, "ಇಪ್ಪುಡೆಂದುಕಮ್ಮಾ ಪಾತವನ್ನೀ" ಎಂದರು. ಈಗೇಕಮ್ಮ ಹಳೆಯದೆಲ್ಲ.

ಈರಮ್ಮ ಮೈಕನ್ನು ಮೇಜಿನ ಮೇಲಿಟ್ಟಳು. ಹೊಲದ ಈ ತುದಿಯಿಂದ ಆ ತುದಿಗೆ ಕೂಗಿ ಮಾತಾಡುವ ಮನೆಯಲ್ಲಿ ಬೆಳೆದವಳ ಧ್ವನಿ ಅದು. ಉಳಿದದ್ದನ್ನು ಮೈಕಿಲ್ಲದೆಯೇ ಕೊನೆಯ ಸಾಲಿನವರೆಗೂ ಕೇಳುವ ಹಾಗೆ ಹೇಳಿ ಮುಗಿಸಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎರಡು ಕೈಯಿಂದ ನೀರಿನ ಲೋಟ ಹಿಡಿದಿದ್ದ ಪ್ರಿನ್ಸಿಪಾಲರು ಅದನ್ನು ಕುಡಿಯುವುದನ್ನು ಮರೆತು ಕೂತಿದ್ದರು. ನಾವಿಬ್ಬರೂ ಇಳಿದು ಹೊರಗೆ ಬಂದೆವು.

ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ಮುಂದೆ ನಿಂತೆವು. ಈರಮ್ಮನ ಬಸ್ಸು ಬಂದು ನಿಂತಿತ್ತು, ಅವಳು ಹತ್ತಲಿಲ್ಲ.

"ಅಕ್ಕಾ, ಮೇಡಂ ಇದ್ದಿದ್ರ ಬೈತಿದ್ರೇನು?"

"ಬೈತಿದ್ರು," ಎಂದೆ.

"ಯಾಕ?"

"ಇಷ್ಟು ತಡ ಯಾಕ ಮಾಡಿದ್ರಿ ಅಂತ."